ಕೆಮ್ಮಿನ ಔಷಧ ಕೊಟ್ಟು ಕಳಿಸಿದ ಮೇಲೆ

ವೈದ್ಯಕೀಯ ಸಮ್ಮೇಳನದ ಪೋಸ್ಟರ್ ಸಾಲಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಗೊತ್ತಾಗುತ್ತದೆ, ಅಪರೂಪದ ಕಾಯಿಲೆ ಕಂಡುಹಿಡಿದ ಕಥೆಗಳಿಗೆ ಅಲ್ಲಿ ಬರವಿಲ್ಲ. ದಿನಬೆಳಗಾದರೆ ಬರುವ ಕಾಯಿಲೆಯೇ ಕಣ್ತಪ್ಪಿ ಹೋದದ್ದನ್ನು ಎಣಿಸಿ ತಂದವರು ಮಾತ್ರ ಬೆರಳೆಣಿಕೆಯಷ್ಟು. ಹೆಸರು ಕೆಡುತ್ತದೆಂಬ ಅಳುಕು ಇದಕ್ಕೊಂದು ಕಾರಣ. ಇಂಥ ಸಂಶೋಧನೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯವರಿಗೆ ಸರಿ, ಬೆಳ್ಳಾವಿಯಂಥ ಹೋಬಳಿಯಲ್ಲಿ ಕೂತ ನಮಗೇಕೆ ಎಂಬ ಸಂಕೋಚ ಇನ್ನೊಂದು. ಈ ಎರಡನೆಯದನ್ನು ತುಮಕೂರು ಜಿಲ್ಲೆಯವರು ಇವತ್ತೇ ಬಿಟ್ಟುಬಿಡಬಹುದು. ರೋಗ ಪತ್ತೆ ತಪ್ಪುವುದರ ಬಗ್ಗೆ ಸಮುದಾಯ ವೈದ್ಯಶಾಸ್ತ್ರದ ಮೇಷ್ಟರುಗಳು ಇವತ್ತಿಗೂ ಪಾಠ ಮಾಡುವ ಅಧ್ಯಯನವೊಂದು ನಡೆದದ್ದು ಇದೇ ಜಿಲ್ಲೆಯ ಹಳ್ಳಿಗಳಲ್ಲಿ.

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಆದ ಸ್ವಲ್ಪ ದಿನಕ್ಕೇ ಸಂಸ್ಥೆಯ ತಂಡ ತುಮಕೂರು ಜಿಲ್ಲೆಗೆ ಬಂದು ಎಕ್ಸ್‌ರೇ ಮತ್ತು ಕಫ ಪರೀಕ್ಷೆಯ ದೊಡ್ಡ ಸಮೀಕ್ಷೆ ನಡೆಸಿತು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ಬೇರೆಯದೇ ಪ್ರಶ್ನೆ ಹಿಡಿದು ಹೊರಟರು. ಸಮೀಕ್ಷೆಯಲ್ಲಿ ಕ್ಷಯ ಇದೆಯೆಂದು ಗೊತ್ತಾದವರ ಮನೆಗೆ ಹೋಗಿ, ಮೈಯಲ್ಲಿ ಏನಾದರೂ ತೊಂದರೆ ಕಂಡಿತ್ತೇ, ಕಂಡಿದ್ದರೆ ಏನು ಮಾಡಿದಿರಿ ಎಂದು ವಿಚಾರಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವ್ಯಾನು ಹಳ್ಳಿಗೆ ಕಳಿಸಬೇಕು ಎಂಬುದು ಆಗ ಚಾಲ್ತಿಯಲ್ಲಿದ್ದ ಮಾತು. ಸಿಕ್ಕ ಉತ್ತರ ಅದನ್ನು ತಲೆಕೆಳಗು ಮಾಡಿತು. ಬಹುತೇಕ ಎಲ್ಲರಿಗೂ ತಮ್ಮ ತೊಂದರೆಯ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಈ ಅಧ್ಯಯನದ ವರದಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ 1963ರಲ್ಲಿ ಅಚ್ಚಾಯಿತು. ಕೆಮ್ಮಿಕೊಂಡು ತಾನಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕು ಎಂಬ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ಮೂಲ ನಿಲುವಿಗೆ ಆಧಾರವಾದದ್ದು ಇದೇ.

ರೋಗಿ ಬಂದಿದ್ದರು, ನಾವು ಗುರುತಿಸಲಿಲ್ಲ. ಇಡೀ ಅಧ್ಯಯನದ ಸಾರ ಇಷ್ಟೇ. ಅದಕ್ಕೆ ಬೇಕಾದದ್ದು ಒಂದು ಸರಿಯಾದ ಪ್ರಶ್ನೆ ಮತ್ತು ಮನೆ ಮನೆ ಸುತ್ತುವ ತಾಳ್ಮೆ. ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ದೆಹಲಿಯಲ್ಲಿ ರೋಗಿಗಳಂತೆ ನಟಿಸಲು ತರಬೇತಿ ಪಡೆದವರನ್ನು ಖಾಸಗಿ ವೈದ್ಯರ ಬಳಿ ಕಳಿಸಿ ನೋಡಿದ ಅಧ್ಯಯನ 2015ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂತು. ಕ್ಷಯದ ಲಕ್ಷಣ ಹೇಳಿಕೊಂಡ 250 ಭೇಟಿಗಳಲ್ಲಿ ಸರಿಯಾದ ದಾರಿ ಹಿಡಿದದ್ದು 52 ಮಾತ್ರ.

ಈ ಲೇಖನ ಹೋಬಳಿ, ತಾಲ್ಲೂಕು ಆಸ್ಪತ್ರೆಗಳಲ್ಲಿರುವ ಯುವ ವೈದ್ಯರಿಗೆ, ತುಮಕೂರಿನ ಮೆಡಿಕಲ್ ಕಾಲೇಜುಗಳ ಪಿಜಿ ವಿದ್ಯಾರ್ಥಿಗಳಿಗೆ, ಸಿಎಚ್‌ಒ ಮತ್ತು ನರ್ಸಿಂಗ್ ಅಧಿಕಾರಿಗಳಿಗೆ. ನಿಮ್ಮ ಆಸ್ಪತ್ರೆಯ ಪಕ್ಕದಲ್ಲೇ ಇರುವ ಇಂಥದೊಂದು ವಿಷಯವನ್ನು ಸಮ್ಮೇಳನಕ್ಕೆ ಕಳಿಸುವುದು ಹೇಗೆ ಎಂಬುದಷ್ಟೇ ಇಲ್ಲಿನ ಮಾತು.

ಯಾವುದನ್ನು ಲೋಪ ಎನ್ನಬೇಕು

ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2015ರಲ್ಲಿ ಹೊರತಂದ ವರದಿಯ ವ್ಯಾಖ್ಯೆಯನ್ನೇ ಈಗ ಬಹಳ ಮಂದಿ ಬಳಸುತ್ತಾರೆ. ರೋಗಿಯ ತೊಂದರೆ ಏನೆಂದು ಸರಿಯಾಗಿ, ಸಕಾಲಕ್ಕೆ ಕಂಡುಕೊಳ್ಳದೆ ಹೋದರೂ ಲೋಪ. ಕಂಡುಕೊಂಡದ್ದನ್ನು ರೋಗಿಗೆ ತಿಳಿಸದೆ ಹೋದರೂ ಲೋಪ. ಎರಡನೆಯ ಭಾಗವನ್ನು ನಮ್ಮಲ್ಲಿ ಹೆಚ್ಚಿನವರು ಮರೆಯುತ್ತಾರೆ. ಕಫದ ವರದಿ ಲ್ಯಾಬಿನಲ್ಲೇ ಉಳಿದು ರೋಗಿ ಗುಬ್ಬಿಯ ಬಸ್ಸು ಹತ್ತಿ ಹೋಗಿಬಿಟ್ಟರೆ ಅದೂ ಇದರೊಳಗೇ ಬಂತು.

ಇದು ಯಾರೋ ಒಬ್ಬ ವೈದ್ಯರ ಜ್ಞಾನದ ಕೊರತೆ ಎಂದು ಮೊದಲೇ ತೀರ್ಮಾನಿಸಿ ಹೊರಟರೆ ಕೆಲಸ ಕೆಡುತ್ತದೆ. ಮಾರ್ಕ್ ಗ್ರೇಬರ್ ಮತ್ತು ಸಂಗಡಿಗರು 2005ರಲ್ಲಿ ಇಂಥ 100 ಪ್ರಕರಣಗಳನ್ನು ಬಿಡಿಸಿ ನೋಡಿದರು. ಒಂದೊಂದರ ಹಿಂದೆಯೂ ಸರಾಸರಿ ಆರರಷ್ಟು ಕಾರಣಗಳು ಸಿಕ್ಕವು, ಶೇ. 65ರಷ್ಟರಲ್ಲಿ ವ್ಯವಸ್ಥೆಯ ಪಾಲಿತ್ತು, ಶೇ. 74ರಷ್ಟರಲ್ಲಿ ಯೋಚನೆಯ ಪಾಲಿತ್ತು, ಅನೇಕ ಕಡೆ ಎರಡೂ ಸೇರಿಕೊಂಡಿದ್ದವು. ಯೋಚನೆಯ ತಪ್ಪುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು, ಮೊದಲು ಹೊಳೆದ ಕಾಯಿಲೆಗೇ ಗಂಟುಬಿದ್ದು ಬೇರೇನಿರಬಹುದು ಎಂದು ಯೋಚಿಸುವುದನ್ನೇ ನಿಲ್ಲಿಸಿಬಿಡುವುದು. ಸಂತೆಯ ದಿನ ಓಪಿಡಿ ಮುಂದೆ ಸಾಲು ಬಾಗಿಲು ದಾಟಿ ನಿಂತಾಗ ಯಾರಾದರೂ ಹಾಗೇ ಮಾಡುತ್ತಾರೆ. ಆದ್ದರಿಂದ ಯಾರು ತಪ್ಪಿದರು ಎಂದು ಕೇಳುವುದಕ್ಕಿಂತ ಎಲ್ಲಿ ತಪ್ಪಿತು, ಎಷ್ಟು ಸಲ ತಪ್ಪಿತು, ಎಷ್ಟು ದಿನ ಕಳೆದುಹೋಯಿತು ಎಂದು ಕೇಳಿ. ಉತ್ತರ ಎಣಿಕೆಗೆ ಸಿಗುತ್ತದೆ.

ವಿಷಯಕ್ಕಾಗಿ ದೂರ ಹೋಗಬೇಕಿಲ್ಲ. ಪಾವಗಡದ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿಂದ ಬರುವ ಬೆನ್ನುನೋವು, ಕೀಲುಬಿಗಿತಗಳಲ್ಲಿ ಎಷ್ಟನ್ನು ವಾತವೆಂದು ಬರೆದು ನೋವಿನ ಮಾತ್ರೆ ಕೊಟ್ಟು ಕಳಿಸಲಾಗಿದೆ? ತೋಟದ ಮನೆಯಲ್ಲಿ ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಬರುತ್ತಾರೆ. ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಆಗುತ್ತದೆ. ರೆಪ್ಪೆ ಜೋಲತೊಡಗಿದ ಮೇಲೆ ಕಟ್ಟುಹಾವಿನ ನೆನಪಾಗುತ್ತದೆ, ಏಕೆಂದರೆ ಅದರ ಕಡಿತದ ಗುರುತು ಕಣ್ಣಿಗೆ ಬೀಳುವುದೇ ಅಪರೂಪ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಆದ್ದರಿಂದ ಲೆಕ್ಕ ಹಿಡಿಯಲು ಒಂದು ಪಟ್ಟಿಯಾದರೂ ಕೈಗೆ ಸಿಗುತ್ತದೆ. ಆದರೆ ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಕ್ಷಯವನ್ನೇ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಆಗಬೇಕು ಎಂಬ ನಿಯಮ ಸ್ಪಷ್ಟವಾಗಿದೆ. ಕೊನೆಗೆ ಕಾಯಿಲೆ ಇತ್ತೋ ಇಲ್ಲವೋ ಎಂಬುದನ್ನು ಲ್ಯಾಬು ಖಚಿತವಾಗಿ ಹೇಳುತ್ತದೆ. ಈ ಎರಡೂ ಒಟ್ಟಿಗೆ ಸಿಗುವ ಕಾಯಿಲೆಗಳು ಕಡಿಮೆ.

ರಿಜಿಸ್ಟರಿನ ಮುಂದೆ ಕೂತಾಗ

ಒಂದು ವರ್ಷದಲ್ಲಿ ಹೊಸದಾಗಿ ಶ್ವಾಸಕೋಶದ ಕ್ಷಯ ಪತ್ತೆಯಾದವರ ಪಟ್ಟಿ ತೆಗೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ನಡೆಯಿರಿ. ಪತ್ತೆಯಾಗುವ ಮುಂಚಿನ ಆರು ತಿಂಗಳಲ್ಲಿ ಇವರು ಯಾವ್ಯಾವ ಆಸ್ಪತ್ರೆ, ಕ್ಲಿನಿಕ್, ಮೆಡಿಕಲ್ ಸ್ಟೋರಿಗೆ ಹೋಗಿದ್ದರು, ಹೋದಾಗ ಕೆಮ್ಮು ಎಷ್ಟು ದಿನದ್ದಾಗಿತ್ತು, ಕಫ ಪರೀಕ್ಷೆಗೆ ಬರೆದುಕೊಟ್ಟರೇ? ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷಕ್ಕೆ ಸಿಗುವ ರೋಗಿಗಳು ಕೈಬೆರಳಿಗೆ ಮುಗಿಯಬಹುದು. ಹಾಗಾಗಿ ತುಮಕೂರು ಗ್ರಾಮಾಂತರದ ಜೊತೆ ಗುಬ್ಬಿಯನ್ನೋ ಕುಣಿಗಲನ್ನೋ ಸೇರಿಸಿಕೊಳ್ಳಿ. ಇನ್ನೊಂದು ತಾಲ್ಲೂಕಿನ ಗೆಳೆಯರು ಜೊತೆಯಾದರೆ ಓಡಾಟವೂ ಹಂಚಿಹೋಗುತ್ತದೆ.

ಕಾಗದದ ಮೇಲೆ ಇದು ಸಲೀಸು. ಓಪಿಡಿ ರಿಜಿಸ್ಟರ್ ಬಿಚ್ಚಿದಾಗಲೇ ಕಷ್ಟ ಗೊತ್ತಾಗುವುದು. ಕ್ಷಯದ ಪಟ್ಟಿಯಲ್ಲಿ ಸಿದ್ದಗಂಗಮ್ಮ ಎಂದಿರುವವರು ಓಪಿಡಿ ಪುಸ್ತಕದಲ್ಲಿ ಬರೀ ಗಂಗಮ್ಮ ಆಗಿರುತ್ತಾರೆ. ವಯಸ್ಸು ಒಂದು ಕಡೆ ಐವತ್ತು, ಇನ್ನೊಂದು ಕಡೆ ಐವತ್ತೆಂಟು. ಫೋನ್ ನಂಬರ್ ಮಗನದು. ಅದೇ ನಂಬರಿನಲ್ಲಿ ಸೊಸೆ, ಮೊಮ್ಮಗು, ಪಕ್ಕದ ಮನೆಯ ಅಜ್ಜಿ ಎಲ್ಲರೂ ಚೀಟಿ ಮಾಡಿಸಿರುತ್ತಾರೆ. ಕಾಯಿಲೆಯ ಕಾಲಮಿನಲ್ಲಿ ಯುಆರ್‌ಟಿಐ ಎಂಬ ನಾಲ್ಕಕ್ಷರ, ಪಕ್ಕದಲ್ಲಿ ಮಾತ್ರೆಗಳ ಹೆಸರು. ಕೆಮ್ಮು ಎಷ್ಟು ದಿನದ್ದು ಎಂಬುದಕ್ಕೆ ಕಾಲಮೇ ಇರುವುದಿಲ್ಲ. ಆಭಾ ಸಂಖ್ಯೆ ಬರೆದುಕೊಳ್ಳುವ ಕಡೆಗಳಲ್ಲಿ ಈಗ ಸ್ವಲ್ಪ ಸಲೀಸಾಗಿದೆ. ಉಳಿದ ಕಡೆ ಹೆಸರು, ಊರು, ತಂದೆ ಅಥವಾ ಗಂಡನ ಹೆಸರು ಮೂರೂ ಹೊಂದಿದರೆ ಮಾತ್ರ ಒಬ್ಬರೇ ಎಂದು ಲೆಕ್ಕ ಎಂಬಂಥ ನಿಯಮವೊಂದನ್ನು ನೀವೇ ಮೊದಲು ಬರೆದಿಟ್ಟುಕೊಳ್ಳಬೇಕು. ಹೊಂದದೆ ಹೋದವರು ಎಷ್ಟು ಮಂದಿ ಎಂಬುದನ್ನೂ ಬರೆದಿಡಿ. ಸಮ್ಮೇಳನದಲ್ಲಿ ಜಾಣ ಪರೀಕ್ಷಕರು ಮೊದಲು ಕೇಳುವುದೇ ಅದನ್ನು.

ರಿಜಿಸ್ಟರಿನಲ್ಲಿ ಇಲ್ಲದ್ದನ್ನು ರೋಗಿಯೇ ಹೇಳಬೇಕು. ಇದಕ್ಕೆ ಆಶಾ ಕಾರ್ಯಕರ್ತೆಯ ನೆರವಿಲ್ಲದೆ ಮನೆ ಸಿಗುವುದಿಲ್ಲ. ಸಿಕ್ಕ ಮೇಲೆ, "ಎಷ್ಟು ದಿನದಿಂದ ಕೆಮ್ಮಿತ್ತು?" ಎಂದು ನೇರವಾಗಿ ಕೇಳಿದರೆ "ಬಾಳ ದಿಸದಿಂದ ಸಾ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಸಾಗುವುದಿಲ್ಲ. ಹಬ್ಬ ಹಿಡಿದು ಕೇಳಿ. ದೀಪಾವಳಿಗೆ ಮುಂಚೆಯೇ ಇತ್ತಾ, ರಾಗಿ ಕೊಯ್ಲಿನ ಹೊತ್ತಿಗೆ ಶುರುವಾಯಿತಾ, ಸಿದ್ಧಗಂಗೆ ಜಾತ್ರೆಗೆ ಹೋದಾಗ ಕೆಮ್ಮುತ್ತಿದ್ದಿರಾ? ನೆನಪು ಹಬ್ಬ, ಬೆಳೆಗಳ ಸುತ್ತ ಚೆನ್ನಾಗಿ ನಿಲ್ಲುತ್ತದೆ. ಮನೆಯಲ್ಲಿ ಹಳೆಯ ಚೀಟಿಗಳಿದ್ದರೆ ನೋಡಿ. ಬಹಳ ಮನೆಗಳಲ್ಲಿ ಎಲ್ಲ ಚೀಟಿಗಳನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನ ಮಾಡಿರುತ್ತಾರೆ, ಆಸ್ಪತ್ರೆಗಳಿಗಿಂತ ಅಚ್ಚುಕಟ್ಟಾಗಿ.

ಇಲ್ಲೊಂದು ಎಚ್ಚರ ಬೇಕು. ಕೊನೆಗೆ ಕ್ಷಯ ಎಂದು ಗೊತ್ತಾದ ಮೇಲೆ ಹಳೆಯ ಚೀಟಿ ನೋಡಿದರೆ ಎಲ್ಲವೂ ಕ್ಷಯದಂತೆಯೇ ಕಾಣುತ್ತದೆ. ಉತ್ತರ ಪತ್ರಿಕೆ ಕೈಯಲ್ಲಿಟ್ಟುಕೊಂಡು ಪ್ರಶ್ನೆ ಸುಲಭವಿತ್ತು ಎಂದ ಹಾಗೆ. ಇದನ್ನು ತಡೆಯಲು ಲೋಪ ಎಂದರೆ ಏನು ಎಂಬ ಅಳತೆಗೋಲನ್ನು ದಾಖಲೆ ಬಿಚ್ಚುವ ಮೊದಲೇ ಬರೆದಿಡಬೇಕು: "ಎರಡು ವಾರ ಅಥವಾ ಅದಕ್ಕಿಂತ ಹೆಚ್ಚಿನ ಕೆಮ್ಮಿನೊಂದಿಗೆ ಬಂದಿದ್ದು, ಆ ಭೇಟಿಯಲ್ಲಾಗಲಿ ಅದಾದ ಒಂದು ವಾರದಲ್ಲಾಗಲಿ ಕಫ ಪರೀಕ್ಷೆಗೆ ಸೂಚಿಸದೆ ಇದ್ದದ್ದು." ಆಮೇಲೆ ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದೆ, ಪ್ರತಿ ಭೇಟಿಗೂ ಹೌದು ಅಥವಾ ಅಲ್ಲ ಎಂದು ಗುರುತು ಹಾಕಬೇಕು. ಇಬ್ಬರ ತೀರ್ಪು ಎಷ್ಟು ಕೂಡಿತು ಎಂಬುದನ್ನು ಕಪ್ಪಾ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯಾಶಾಸ್ತ್ರ ಗೊತ್ತಿರುವವರು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಈ ಹೆಜ್ಜೆ ಬಿಟ್ಟರೆ ನಿಮ್ಮ ಕೆಲಸ ಅಭಿಪ್ರಾಯವಾಗಿ ಉಳಿಯುತ್ತದೆ. ಪತ್ತೆಯಾಗದೆಯೇ ಉಳಿದವರು ನಿಮ್ಮ ಪಟ್ಟಿಯಲ್ಲಿ ಇಲ್ಲ ಎಂಬ ಮಿತಿಯನ್ನೂ ನೀವೇ ಮೊದಲು ಹೇಳಿಬಿಡಿ.

ಅನುಮತಿ, ಕಾನೂನು, ಅಳುಕು

ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೆಲಸ ಶುರುವಾಗುವ ಮೊದಲು ಕೈಗೆ ಬಂದಿರಬೇಕು. ಆಮೇಲೆ ಪಡೆದುಕೊಳ್ಳುವ ದಾರಿಯಿಲ್ಲ. ಸಮ್ಮೇಳನದವರು ಪತ್ರದ ತಾರೀಖು ನೋಡುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂಥ ಕಮಿಟಿ ಇರುವುದಿಲ್ಲವಾದ್ದರಿಂದ ತುಮಕೂರಿನ ಮೆಡಿಕಲ್ ಕಾಲೇಜೊಂದರ ಸಮುದಾಯ ವೈದ್ಯಶಾಸ್ತ್ರ ವಿಭಾಗದವರನ್ನು ಜೊತೆಗೆ ಸೇರಿಸಿಕೊಳ್ಳುವುದು ಸುಲಭದ ದಾರಿ. ಶ್ರೀ ಸಿದ್ಧಾರ್ಥ, ಶ್ರೀದೇವಿ, ಸಿದ್ಧಗಂಗಾ, ಮೂರು ಕಾಲೇಜುಗಳು ನಗರದಲ್ಲೇ ಇವೆ. ಅವರಿಗೂ ಹಳ್ಳಿಯ ದಾಖಲೆ ಬೇಕು, ನಿಮಗೂ ಅವರ ಕಮಿಟಿ ಬೇಕು. ಹೆಸರು ತೆಗೆದ ಹಳೆಯ ದಾಖಲೆಯನ್ನಷ್ಟೇ ನೋಡುವುದಾದರೆ ರೋಗಿಯ ಲಿಖಿತ ಒಪ್ಪಿಗೆಯಿಂದ ವಿನಾಯಿತಿ ಕೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ವಿನಾಯಿತಿ ಕೊಡುವವರು ಕಮಿಟಿಯವರು, ನೀವೇ ತೆಗೆದುಕೊಳ್ಳುವ ಹಾಗಿಲ್ಲ. ಮನೆಗೆ ಹೋಗಿ ಮಾತಾಡಿಸುವುದಾದರೆ ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಬೇಕೇ ಬೇಕು. ಸರ್ಕಾರಿ ದಾಖಲೆಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ, ಕ್ಷಯದ ಪಟ್ಟಿಗೆ ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿಗಳ ಅನುಮತಿ ಬೇರೆ ಬೇರೆಯಾಗಿ ಪಡೆಯಿರಿ. ಅರ್ಜಿಯಲ್ಲಿ "ವೈದ್ಯರ ತಪ್ಪುಗಳ ಅಧ್ಯಯನ" ಎಂದು ಬರೆದರೆ ಕಡತ ಮುಂದಕ್ಕೆ ಹೋಗುವುದಿಲ್ಲ. "ಕ್ಷಯ ಪತ್ತೆಯಲ್ಲಿ ಆಗುವ ವಿಳಂಬ ಮತ್ತು ಅದರ ಕಾರಣಗಳು" ಎಂದು ಬರೆಯಿರಿ. ಸುಳ್ಳೇನೂ ಅಲ್ಲ, ನೀವು ಮಾಡುತ್ತಿರುವುದೂ ಅದನ್ನೇ.

ಕೇಸು ಬೀಳುತ್ತದಾ ಎಂಬ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ವಿ. ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಕಡೆಗಳನ್ನು ಹೊರಗಿಟ್ಟಿತು. ತೀರ್ಮಾನದಲ್ಲಿ ಆದ ಸಾಮಾನ್ಯ ತಪ್ಪನ್ನೆಲ್ಲ ಅಪರಾಧ ಎನ್ನಲಾಗದು, ಕ್ರಿಮಿನಲ್ ಕೇಸಿಗೆ ಘೋರ ನಿರ್ಲಕ್ಷ್ಯವೇ ಇರಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಹೇಳಿತು. ಹೆಸರು, ಆಸ್ಪತ್ರೆ, ತಾರೀಖು ಯಾವುದೂ ಇಲ್ಲದೆ ಒಟ್ಟು ಎಣಿಕೆಯನ್ನು ಮಂಡಿಸುವುದು ಯಾರ ಮೇಲಿನ ದೂರೂ ಅಲ್ಲ. ಆದರೂ ಕೋರ್ಟಿನಲ್ಲಿ ಇರುವ ಪ್ರಕರಣವನ್ನು ಮುಟ್ಟಲೇಬೇಡಿ. ಒಬ್ಬರೇ ರೋಗಿಯ ಕಥೆ ಬರೆಯುವಾಗಂತೂ ಮೈಯೆಲ್ಲ ಕಣ್ಣಾಗಿರಬೇಕು. "ಬೆಳ್ಳಾವಿಯ 34 ವರ್ಷದ ಅಂಗನವಾಡಿ ಕಾರ್ಯಕರ್ತೆ" ಎಂದು ಬರೆದಿರೋ, ಹೆಸರು ಹಾಕದಿದ್ದರೂ ಹೋಬಳಿಗೆಲ್ಲ ಗೊತ್ತಾಗಿಬಿಡುತ್ತದೆ. "ದಕ್ಷಿಣ ಕರ್ನಾಟಕದ ಗ್ರಾಮೀಣ ಭಾಗದ ಮೂವತ್ತರ ಆಸುಪಾಸಿನ ಮಹಿಳೆ" ಎಂದರೆ ಸಾಕು. ಎಕ್ಸ್‌ರೇ ಮೂಲೆಯಲ್ಲಿ ಅಚ್ಚಾಗಿರುವ ಹೆಸರು, ನಂಬರನ್ನು ಕತ್ತರಿಸಿ ತೆಗೆಯಿರಿ. ಕಪ್ಪು ಪಟ್ಟಿ ಎಳೆದು ಕಳಿಸಿದ ಚಿತ್ರಗಳಲ್ಲಿ ಪಟ್ಟಿ ಸರಿಸಿದರೆ ಹೆಸರು ಹಾಗೇ ಕಾಣುವುದುಂಟು.

ಎಲ್ಲಿಗೆ ಕಳಿಸುವುದು

ಫಿಸಿಷಿಯನ್ನರಿಗೆ ಎಪಿಐಕಾನ್ ಇದೆ, ಅದರ ಕರ್ನಾಟಕ ಶಾಖೆಯ ಕೆಎಪಿಐಕಾನ್ ಇದೆ. ಸಮುದಾಯ ವೈದ್ಯಶಾಸ್ತ್ರದವರಿಗೆ ಐಎಪಿಎಸ್‌ಎಂಕಾನ್, ಕ್ಷಯ ಮತ್ತು ಎದೆರೋಗದವರಿಗೆ ನ್ಯಾಟ್‌ಕಾನ್, ಮಕ್ಕಳ ವೈದ್ಯರಿಗೆ ಪೀಡಿಕಾನ್. ಮೊದಲ ಸಲಕ್ಕೆ ರಾಜ್ಯ ಮಟ್ಟದ್ದೇ ಒಳ್ಳೆಯದು. ಖರ್ಚು ಕಡಿಮೆ, ಕೇಳುವವರಿಗೆ ನಿಮ್ಮ ಊರಿನ ಪರಿಸ್ಥಿತಿ ಗೊತ್ತಿರುತ್ತದೆ. ರೋಗ ಪತ್ತೆಯ ಲೋಪಕ್ಕೇ ಮೀಸಲಾದ ಸಮ್ಮೇಳನ 2008ರಲ್ಲಿ ಅಮೆರಿಕದಲ್ಲಿ ಶುರುವಾಯಿತು, ಇದೇ ವಿಷಯಕ್ಕೆ ಮೀಸಲಾದ ಡಯಾಗ್ನೋಸಿಸ್ ಎಂಬ ಪತ್ರಿಕೆ 2014ರಿಂದ ಇದೆ. ನಮ್ಮ ಸಮ್ಮೇಳನಗಳಲ್ಲಿ ಈ ಹೆಸರಿನ ವಿಭಾಗ ಹುಡುಕಿದರೆ ಸಿಗುವುದು ಅನುಮಾನ. "ರೋಗಿ ಸುರಕ್ಷತೆ", "ಆರೈಕೆಯ ಗುಣಮಟ್ಟ", ಅದೂ ಇಲ್ಲದಿದ್ದರೆ "ಆಪರೇಷನಲ್ ರಿಸರ್ಚ್" ವಿಭಾಗಕ್ಕೆ ಹಾಕಿ. ವಿಶ್ವ ರೋಗಿ ಸುರಕ್ಷತಾ ದಿನವನ್ನು ಪ್ರತಿ ಸೆಪ್ಟೆಂಬರ್ 17ರಂದು ಆಚರಿಸುತ್ತಾರೆ. 2024ರಲ್ಲಿ ರೋಗ ಪತ್ತೆಯನ್ನು ಸುಧಾರಿಸುವುದೇ ಅದರ ವಿಷಯವಾಗಿತ್ತು. ಹಿನ್ನೆಲೆ ಬರೆಯುವಾಗ ಈ ಮಾತು ಒಂದು ವಾಕ್ಯದ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ.

ಈಮೇಲಿನಲ್ಲಿ "ಗೌರವಾನ್ವಿತ ಪ್ರೊಫೆಸರ್" ಎಂದು ಹೊಗಳಿ ದುಬೈಗೆ, ಬ್ಯಾಂಕಾಕಿಗೆ ಕರೆಯುವ ಸಮ್ಮೇಳನಗಳಿವೆ. ನೀವು ಪ್ರೊಫೆಸರ್ ಅಲ್ಲ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಎರಡು ದಿನದಲ್ಲಿ ಒಪ್ಪಿಗೆ ಕೊಟ್ಟು ಮೂರನೆಯ ದಿನ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಕರ್ನಾಟಕದೊಳಗಿನ ಸಮ್ಮೇಳನವಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಗಂಟೆ ಸಿಗುತ್ತದೆಯೇ ಎಂದು ನೋಡಿ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 30 ಗಂಟೆ ಬೇಕಾಗುವುದರಿಂದ ಅದು ನಿಮಗೂ ಬೇಕಾದದ್ದೇ.

ಮುನ್ನೂರು ಪದ

ಬಹಳ ಕಡೆ ಅಬ್‌ಸ್ಟ್ರ್ಯಾಕ್ಟ್‌ಗೆ ಮಿತಿ 250ರಿಂದ 300 ಪದ. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ನಾಲ್ಕು ಭಾಗ. ಹೊಸಬರು ಅರ್ಧ ಜಾಗವನ್ನು ಹಿನ್ನೆಲೆಗೇ ಸುರಿದುಬಿಡುತ್ತಾರೆ: ಭಾರತದಲ್ಲಿ ಕ್ಷಯದ ಹೊರೆ ಎಷ್ಟು, ಜಗತ್ತಿನಲ್ಲಿ ಎಷ್ಟು. ಅದು ಪರೀಕ್ಷಕರಿಗೆ ಬಾಯಿಪಾಠ. ಎರಡು ವಾಕ್ಯದಲ್ಲಿ ಮುಗಿಸಿ. ಉಳಿದ ಪದಗಳೆಲ್ಲ ವಿಧಾನಕ್ಕೂ ಫಲಿತಾಂಶಕ್ಕೂ ಇರಲಿ.

ಕೊನೆಗೆ ಕಳಿಸುವುದು ಇಂಗ್ಲಿಷಿನಲ್ಲೇ ಆದರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆದುಕೊಳ್ಳಿ ಎನ್ನುತ್ತೇನೆ. ಏನು ಹೇಳಬೇಕೆಂದು ನಿಮಗೇ ಸ್ಪಷ್ಟವಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇಂಥದೊಂದು ಕರಡು ಹೀಗಿರಬಹುದು. ಅಂಕಿಗಳು ಮಾದರಿಗಾಗಿ ನಾನೇ ಕಟ್ಟಿದ್ದು.

"ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕೆಮ್ಮಿದ್ದವರಿಗೆ ಕಫ ಪರೀಕ್ಷೆ ಆಗಬೇಕೆಂಬ ನಿಯಮವಿದ್ದರೂ ಗ್ರಾಮೀಣ ಭಾಗದಲ್ಲಿ ಎಷ್ಟು ಭೇಟಿಗಳಲ್ಲಿ ಅದು ತಪ್ಪುತ್ತದೆ ಎಂಬ ಮಾಹಿತಿ ಕಡಿಮೆ. ದಕ್ಷಿಣ ಕರ್ನಾಟಕದ ಎರಡು ತಾಲ್ಲೂಕುಗಳಲ್ಲಿ ಒಂದು ವರ್ಷದಲ್ಲಿ ಹೊಸದಾಗಿ ಶ್ವಾಸಕೋಶದ ಕ್ಷಯ ಖಚಿತಪಟ್ಟ ವಯಸ್ಕರನ್ನು ಸಂದರ್ಶಿಸಿ, ಹಿಂದಿನ ಆರು ತಿಂಗಳ ದಾಖಲೆ ಪರಿಶೀಲಿಸಲಾಯಿತು. ಲೋಪದ ಅಳತೆಗೋಲನ್ನು ಮೊದಲೇ ನಿಗದಿಪಡಿಸಿ ಇಬ್ಬರು ಪ್ರತ್ಯೇಕವಾಗಿ ತೀರ್ಮಾನಿಸಿದರು. 84 ಮಂದಿಯಲ್ಲಿ 51 ಮಂದಿಗೆ (ಶೇ. 61, ಶೇ. 95ರ ವಿಶ್ವಾಸಾಂತರ 50ರಿಂದ 71) ಕನಿಷ್ಠ ಒಂದು ಭೇಟಿಯಲ್ಲಿ ಪರೀಕ್ಷೆ ತಪ್ಪಿತ್ತು. ಮೊದಲು ತಪ್ಪಿದ ಭೇಟಿಯಿಂದ ರೋಗ ಖಚಿತವಾಗುವವರೆಗಿನ ಅವಧಿಯ ಮಧ್ಯಾಂಕ 31 ದಿನ. ತೀರ್ಪುಗಾರರ ಹೊಂದಾಣಿಕೆ ಕಪ್ಪಾ 0.72. ತಪ್ಪಿದ ಭೇಟಿಗಳ ದಾಖಲೆಗಳಲ್ಲಿ ಹೆಚ್ಚಿನವುಗಳಲ್ಲಿ ಕೆಮ್ಮಿನ ಅವಧಿ ನಮೂದಾಗಿರಲಿಲ್ಲ. ಓಪಿಡಿ ಚೀಟಿಯಲ್ಲಿ ಕೆಮ್ಮಿನ ದಿನಗಳನ್ನು ಬರೆಯುವ ಕಾಲಂ ಸೇರಿಸಿ ಪರಿಣಾಮ ಅಳೆಯುವುದು ಮುಂದಿನ ಹೆಜ್ಜೆ."

ಕೊನೆಯ ವಾಕ್ಯ ಗಮನಿಸಿ. ಹೆಚ್ಚಿನ ಅಬ್‌ಸ್ಟ್ರ್ಯಾಕ್ಟ್‌ಗಳು "ವೈದ್ಯರಲ್ಲಿ ಜಾಗೃತಿ ಮೂಡಿಸಬೇಕು" ಎಂದು ಮುಗಿಯುತ್ತವೆ. ಅಂಥ ವಾಕ್ಯಕ್ಕೆ ಯಾವ ಅಧ್ಯಯನವೂ ಬೇಕಿರಲಿಲ್ಲ. ನಿಮ್ಮ ಅಂಕಿಯಿಂದ ಹುಟ್ಟಿದ, ನಿಮ್ಮ ಆಸ್ಪತ್ರೆಯಲ್ಲೇ ಮಾಡಬಹುದಾದ ಒಂದು ಕೆಲಸವನ್ನು ಹೇಳಿ. "ಫಲಿತಾಂಶವನ್ನು ಮಂಡಿಸಲಾಗುವುದು" ಎಂದು ಬರೆದು ಅಂಕಿ ಕೊಡದೆ ಕಳಿಸಿದರೆ ಅನೇಕ ಕಡೆ ಓದದೆಯೇ ತಿರಸ್ಕರಿಸುತ್ತಾರೆ.

ಪರೀಕ್ಷಕರಿಗೆ ಬರೆದವರು ಯಾರೆಂದು ಗೊತ್ತಾಗಬಾರದು ಎಂಬ ನಿಯಮ ಬಹಳ ಸಮ್ಮೇಳನಗಳಲ್ಲಿದೆ. ಆದ್ದರಿಂದ ಕಾಲೇಜಿನ, ಊರಿನ ಹೆಸರು ಶೀರ್ಷಿಕೆಯಲ್ಲೂ ಬರಬಾರದು, ಒಳಗೂ ಬರಬಾರದು. ಅದನ್ನು ಪೋರ್ಟಲಿನ ಬೇರೆ ಕಾಲಮಿನಲ್ಲಿ ತುಂಬುತ್ತೀರಿ. ಲೇಖಕರ ಪಟ್ಟಿ ಇನ್ನೊಂದು ತಲೆನೋವು. ಕೆಲಸ ಮಾಡಿ, ಬರೆಯುವುದರಲ್ಲೂ ಪಾಲ್ಗೊಂಡು, ಬರೆದದ್ದಕ್ಕೆ ಹೊಣೆಯನ್ನೂ ಹೊರುವವರು ಮಾತ್ರ ಲೇಖಕರು ಎಂಬುದು ಅಂತರರಾಷ್ಟ್ರೀಯ ಒಪ್ಪಂದ. ವಿಭಾಗದ ಮುಖ್ಯಸ್ಥರ ಹೆಸರು ತಾನಾಗಿ ಬಂದು ಕೂರುವುದು ನಮ್ಮ ಕಡೆಯ ಒಪ್ಪಂದ. ಯಾರ ಹೆಸರು ಎಷ್ಟನೆಯದು ಎಂಬುದನ್ನು ದಾಖಲೆ ಬಿಚ್ಚುವ ಮೊದಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆದಿಡಿ. ಆಶಾ ಕಾರ್ಯಕರ್ತೆಯರಿಗೆ, ಫಾರ್ಮಸಿ ಅಧಿಕಾರಿಗೆ, ಲ್ಯಾಬಿನವರಿಗೆ ಪೋಸ್ಟರಿನಲ್ಲಿ ಕೃತಜ್ಞತೆ ಹೇಳುವುದನ್ನು ಮರೆಯಬೇಡಿ.

ಕೊನೆಯ ದಿನಾಂಕ ಸಾಮಾನ್ಯವಾಗಿ ಸಮ್ಮೇಳನಕ್ಕೆ ಎರಡು ಮೂರು ತಿಂಗಳು ಮೊದಲೇ ಬಂದುಬಿಡುತ್ತದೆ. ಕೊನೆಯ ರಾತ್ರಿ ಪೋರ್ಟಲ್ ಕೈಕೊಡುವುದು ಮಾಮೂಲು, ಎರಡು ದಿನ ಮೊದಲೇ ಹಾಕಿ. ಮಂಡಿಸುವವರು ನೋಂದಣಿ ಶುಲ್ಕ ಕಟ್ಟದಿದ್ದರೆ ಒಪ್ಪಿಗೆಯಾದ ಅಬ್‌ಸ್ಟ್ರ್ಯಾಕ್ಟ್ ಕೂಡ ಬಿದ್ದುಹೋಗುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ಒಪ್ಪಿಗೆಯ ಪತ್ರ ಬಂದ ದಿನವೇ ಓಓಡಿಗೆ ಅರ್ಜಿ ಕೊಡಿ. ಸಂಶೋಧನೆಯ ಮೂಲಪಾಠ ಬೇಕಿದ್ದವರಿಗೆ ಚೆನ್ನೈನ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ ಆನ್‌ಲೈನಿನಲ್ಲಿ ನಡೆಸುವ ಬಯೋಮೆಡಿಕಲ್ ರಿಸರ್ಚ್ ಮೂಲ ಕೋರ್ಸ್ ಇದೆ. ಪಿಜಿಗಳಿಗೆ ಅದು ಕಡ್ಡಾಯ, ಉಳಿದವರೂ ಕೂತು ಕೇಳಬಹುದು.

ಪೋಸ್ಟರಿನಲ್ಲಿ ಅಬ್‌ಸ್ಟ್ರ್ಯಾಕ್ಟನ್ನೇ ದೊಡ್ಡ ಅಕ್ಷರದಲ್ಲಿ ಅಂಟಿಸಬೇಡಿ. ರೋಗಿ ಎಲ್ಲಿಂದ ಎಲ್ಲಿಗೆ ಹೋದರು, ಎಲ್ಲೆಲ್ಲಿ ಕೈತಪ್ಪಿದರು ಎಂಬುದರ ಒಂದೇ ಒಂದು ಚಿತ್ರ ನಡುವೆ ಇರಲಿ. ಮೆಡಿಕಲ್ ಸ್ಟೋರ್, ಕ್ಲಿನಿಕ್, ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಪ್ರತಿಯೊಂದರ ಪಕ್ಕ ದಿನಗಳ ಲೆಕ್ಕ. ಮಾತಿನ ಮಂಡನೆ ಸಿಕ್ಕರೆ ಐದಾರು ನಿಮಿಷ ಕೊಡುತ್ತಾರೆ. ಸ್ಲೈಡು ಎಂಟನ್ನು ದಾಟಬಾರದು. ಸಭೆಯಿಂದ ಬರುವ ಪ್ರಶ್ನೆ ಹೆಚ್ಚಾಗಿ ಎರಡೇ. "ರೋಗಿ ಹೇಳಿದ ದಿನಗಳನ್ನು ನಂಬುವುದು ಹೇಗೆ?" ಎಂಬುದಕ್ಕೆ ಹಬ್ಬ ಹಿಡಿದು ಕೇಳಿದ ವಿಧಾನ ಮತ್ತು ಮನೆಯ ಚೀಟಿಗಳೇ ಉತ್ತರ. "ಆ ವೈದ್ಯರು ಯಾರು?" ಎಂದು ಯಾರಾದರೂ ನಗುತ್ತ ಕೇಳಿಯೇ ಕೇಳುತ್ತಾರೆ. ಅದನ್ನು ನಾವು ದಾಖಲಿಸಿಲ್ಲ ಎಂದು ಹೇಳಿ ಮುಂದಿನ ಪ್ರಶ್ನೆಗೆ ಹೋಗಿ, ಮತ್ತು ನಿಜವಾಗಿಯೂ ದಾಖಲಿಸಿರಬೇಡಿ.

ಪ್ರಶಸ್ತಿ ಬರಲಿ ಬಿಡಲಿ, ಪ್ರಮಾಣಪತ್ರ ಪಡೆದು ಬಂದ ಮೇಲೆ ಎರಡು ಕೆಲಸ ಉಳಿದಿರುತ್ತವೆ. ಅನುಮತಿ ಕೊಟ್ಟ ಜಿಲ್ಲಾ ಕಚೇರಿಗೆ ಒಂದು ಪುಟದ ವರದಿ ಕೊಡಬೇಕು, ಮಾಸಿಕ ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಂಡು ಹೇಳಬೇಕು. ಆಮೇಲೆ ಪೂರ್ಣ ಲೇಖನವಾಗಿ ಬರೆದು ಪತ್ರಿಕೆಗೆ ಕಳಿಸಬೇಕು. ಜೊತೆಯ ಪತ್ರದಲ್ಲಿ ಇದು ಯಾವ ಸಮ್ಮೇಳನದಲ್ಲಿ ಮಂಡನೆಯಾಗಿದೆ ಎಂದು ಸ್ಪಷ್ಟವಾಗಿ ಬರೆಯಿರಿ, ಎಥಿಕ್ಸ್ ಕಮಿಟಿಯ ಪತ್ರದ ಪ್ರತಿ ಲಗತ್ತಿಸಿ. ಒಂದು ಪತ್ರಿಕೆ ತಿರಸ್ಕರಿಸಿದರೆ ಪರೀಕ್ಷಕರ ಟಿಪ್ಪಣಿಗಳನ್ನು ತಿದ್ದಿಕೊಂಡು ಇನ್ನೊಂದಕ್ಕೆ ಕಳಿಸಿ. ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಮಾತ್ರ ಕಳಿಸಬೇಡಿ.